ಗೋಡೆ ಹಿಡಿದ ನೀರು ಯಾಕೆ ವಾಪಸ್ ಬರಲ್ಲ?

ಪ್ರಶ್ನೆ: ಸರ್, ನಾನು ಕೆಮಿಕಲ್ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ರಜೆಗೆ ಊರಿಗೆ ಬಂದಾಗ ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಅರ್ಧ ಇಂಚಿನ ಜಲ್ಲಿ ತುಂಬಿ, ಮೇಲಿನಿಂದ ನಡುವಿಗೆ ನೀರು ಬಿಟ್ಟೆ. ಲೆಕ್ಕದ ಪ್ರಕಾರ ಕೆಳಗೆ ನಡುವೆಯೇ ಜಾಸ್ತಿ ಬರಬೇಕಿತ್ತು. ಬಂದದ್ದು ಅಂಚಿನಲ್ಲಿ. ಸಮೀಕರಣ ತಪ್ಪಾ?
– ಓದುಗ, ಸೋಮವಾರಪೇಟೆ

ಉತ್ತರ: ಸಮೀಕರಣ ಸರಿಯಾಗೇ ಇದೆ, ಗೋಡೆಯ ಹತ್ತಿರ ನೀರು ಏನು ಮಾಡುತ್ತದೆ ಅಂತ ಹಾಕಿದ ಷರತ್ತು ತಪ್ಪಿರಬೇಕು.

ಹನಿ ಕಲ್ಲಿಗೆ ಬಡಿದು ಎಡಕ್ಕೋ ಬಲಕ್ಕೋ ಹೊರಳುತ್ತದೆ, ಕೆಳಗಿನ ಕಲ್ಲಿಗೆ ಬಡಿದು ಮತ್ತೆ ಹಾಗೇ. ಅದಕ್ಕೇ ಶಾಖ ಹರಡುವ ಸಮೀಕರಣ ಇಲ್ಲೂ ಕೆಲಸ ಮಾಡುತ್ತದೆ. ಕಾಲದ ಜಾಗದಲ್ಲಿ ಆಳ ಇರುತ್ತದೆ, ಅಷ್ಟೆ. ಆಳ ನಾಲ್ಕು ಪಟ್ಟಾದರೆ ಹರಡಿದ ಅಗಲ ಎರಡೇ ಪಟ್ಟು.

ಆದರೆ ಗೋಡೆ ಪಕ್ಕ ಜಲ್ಲಿ ಒತ್ತಾಗಿ ಕೂರುವುದಿಲ್ಲ, ಸಂದು ಜಾಸ್ತಿ. ಅಲ್ಲಿ ಸೇರಿದ ನೀರನ್ನು ಒಳಕ್ಕೆ ತಿರುಗಿಸಲು ಕಲ್ಲು ಸಾಲದೆ ಅದು ಸುಮ್ನೆ ಗೋಡೆ ಹಿಡಿದು ಇಳಿಯುತ್ತದೆ. ನೀವು ಪೂರ್ತಿ ವಾಪಸ್ ಬರುತ್ತದೆ ಅಂತ ಹಿಡಿದಿದ್ದೀರಿ, ಅಲ್ವಾ? ಗೋಡೆಯ ಹರಿವಿಗೆ ಬೇರೆ ಲೆಕ್ಕ ಇಡಿ: ಒಳಗಿಂದ ಎಷ್ಟು ಸೇರಿತು, ಎಷ್ಟು ಮರಳಿತು. ಎರಡೂ ಸಮವಾಗುವ ಆಳದವರೆಗೆ ಆ ಹರಿವು ಬೆಳೆಯುತ್ತಲೇ ಹೋಗುತ್ತದೆ.

ಜಲ್ಲಿಯೂ ದಪ್ಪವಾಯಿತು. ಪೈಪಿನ ಅಗಲ ಕಲ್ಲಿನ ಗಾತ್ರದ 10 ಪಟ್ಟಾದರೂ ಇರಬೇಕು, ನಿಮ್ಮದು ಎಂಟೇ ಪಟ್ಟು. ಕಾಳುಮೆಣಸಿನಷ್ಟು, 5 ಮಿ.ಮೀ. ಕಲ್ಲು ಹಾಕಿ.

ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ರಿಫೈನರಿಗಳಲ್ಲಿ ಡೀಸೆಲ್‌ನ ಗಂಧಕ ತೆಗೆಯುವುದು ಇಂಥದ್ದೇ ರಿಯಾಕ್ಟರಿನಲ್ಲಿ, ಕಲ್ಲಿನ ಬದಲು ವೇಗವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ) ಕಾಳು ತುಂಬಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕಿಂತ ಹೆಚ್ಚು ಗಂಧಕ ಇರುವಂತಿಲ್ಲ. ಶೇ. 1 ಗಂಧಕದ ಎಣ್ಣೆಯಲ್ಲಿ ಸಾವಿರಕ್ಕೆ ಒಂದು ಪಾಲು ವೇಗವರ್ಧಕವನ್ನು ಮುಟ್ಟದೆ ಜಾರಿಹೋದರೂ ಆ 10 ಅಲ್ಲಿಗೇ ಮುಗಿಯಿತು! ಅದಕ್ಕೇ ರಿಯಾಕ್ಟರಿನ ಮೇಲ್ಭಾಗದಲ್ಲಿ ಎಣ್ಣೆಯನ್ನು ಎಲ್ಲ ಕಡೆ ಸಮನಾಗಿ ಹಂಚುವ ತಟ್ಟೆ ಇಡುತ್ತಾರೆ. ಮನೆಯ ಕಾಫಿ ಫಿಲ್ಟರಿನಲ್ಲಿ ಪುಡಿ ಮೇಲೆ ಇಡುವ ತೂತಿನ ಬಿಲ್ಲೆಯ ಕೆಲಸವೂ ಇದೇ.

ಇನ್ನೊಂದು ಸಲ ಮಾಡುವಾಗ ಮೊದಲು ಪೈಪಿಗೆ ಪೂರ್ತಿ ನೀರು ತುಂಬಿಸಿ ಬಸಿಯಿರಿ. ಒಣ ಕಲ್ಲಿನ ಮೇಲೆ ನೀರು ಒಂದೇ ದಾರಿ ಹಿಡಿಯುತ್ತದೆ, ಹೂಮಳೆಯ ಮೊದಲ ನೀರು ತೋಟದ ಒಣ ಮಣ್ಣಲ್ಲಿ ಹರಿದುಹೋಗುವ ಹಾಗೆ. ಆಮೇಲೆ ಅರ್ಧ ಅಡಿ, ಒಂದಡಿ, ಎರಡಡಿ ಜಲ್ಲಿ ತುಂಬಿ ನಡುವಿನ ನೀರು, ಅಂಚಿನ ನೀರು ಬೇರೆ ಬೇರೆ ಅಳೆಯಿರಿ. ಒಂದೇ ಆಳದ ಅಳತೆಯಿಂದ ಗೋಡೆಯ ಲೆಕ್ಕ ಸಿಗುವುದಿಲ್ಲ.