ಅಲಗಿಗೆ ಮರುಳಾಗುವ ಮುನ್ನ ಹಿಡಿ ನೋಡಿ

ಈ ಸಲದ ಪತ್ರಗಳಲ್ಲಿ ಚಾಕುವಿನದೇ ಕಾರುಬಾರು. ಚಾರಣಕ್ಕೆ, ಕಾಡಿನ ಬಿಡಾರಕ್ಕೆ, ಬಯಲಲ್ಲಿ ಬದುಕುಳಿಯುವ ತರಬೇತಿಗೆ ಯಾವ ಚಾಕು ಒಳ್ಳೆಯದು ಎಂದು ಕೇಳಿದವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಉಕ್ಕಿನ ಹೆಸರು. ಹಿಡಿಯ ವಿಚಾರ ಎತ್ತಿದವರು ಕಡಿಮೆ. ನಾನು ಅವರ ಪತ್ರದಿಂದಲೇ ಶುರು ಮಾಡುತ್ತೇನೆ. ಉಕ್ಕಿನವರು ಸ್ವಲ್ಪ ಕಾಯಲಿ.

ಪ್ರಶ್ನೆ: ನಾಲ್ಕು ಬೆರಳಿಗೂ ಒಂದೊಂದು ತಗ್ಗು ಇರುವ ಹಿಡಿಯ ಚಾಕು ಕೊಂಡೆ. ಅಂಗಡಿಯಲ್ಲಿ ಹಿಡಿದಾಗ ನನ್ನ ಕೈಗೇ ಅಳತೆ ತೆಗೆದು ಮಾಡಿದಂತಿತ್ತು. ಶಿಬಿರದಲ್ಲಿ ಅರ್ಧ ಗಂಟೆ ಕಟ್ಟಿಗೆ ಕೆತ್ತಿದ್ದೇ ತಡ, ಕಿರುಬೆರಳ ಬುಡದಲ್ಲಿ ಬೊಕ್ಕೆ ಎದ್ದಿತು. ನನ್ನ ಕೈ ಮೆದುವೋ, ಚಾಕುವೇ ಸರಿಯಿಲ್ಲವೋ?

ಕೈಯದ್ದೇನೂ ತಪ್ಪಿಲ್ಲ. ಅಂಗಡಿಯಲ್ಲಿ ನಾವೆಲ್ಲ ಚಾಕುವನ್ನು ಒಂದೇ ರೀತಿ ಹಿಡಿಯುತ್ತೇವೆ, ಸುತ್ತಿಗೆ ಹಿಡಿದ ಹಾಗೆ, ಮುಷ್ಟಿ ಬಿಗಿದು. ಕೆಲಸಕ್ಕೆ ಕೂತ ಮೇಲೆ ಆ ಹಿಡಿತ ಐದು ನಿಮಿಷವೂ ಉಳಿಯುವುದಿಲ್ಲ. ಸಿಬಿರು ತೆಗೆಯುವಾಗ ಹೆಬ್ಬೆರಳು ಅಲಗಿನ ಬೆನ್ನಿಗೆ ಏರುತ್ತದೆ. ಗಟ್ಟಿ ಗಂಟು ಸಿಕ್ಕರೆ ಎರಡೂ ಕೈ ಎದೆಗೆ ತಂದು, ಚಾಕುವಿನ ಬಾಯಿ ಹೊರಗೆ ತಿರುಗಿಸಿ, ಬೆನ್ನಿನ ಸ್ನಾಯುವಿನ ಬಲದಿಂದ ಎಳೆಯುತ್ತೇವೆ. ಸಣ್ಣ ಕಚ್ಚು ಹಾಕುವಾಗ ಬೆರಳುಗಳು ಮುಂದೆ ಸರಿದು ಅಲಗನ್ನೇ ಚಿವುಟಿ ಹಿಡಿಯುತ್ತವೆ. ಹೀಗೆ ಕೈ ಸರಿದಾಡುವಾಗ ತಗ್ಗುಗಳ ನಡುವಿನ ದಿಬ್ಬಗಳು ಜೊತೆಗೆ ಸರಿಯುವುದಿಲ್ಲವಲ್ಲ, ಬೆರಳಿನ ಮೂಳೆಯ ಕೆಳಗೆ ಬಂದು ಕೂರುತ್ತವೆ. ತಗ್ಗಿನ ಹಿಡಿ ಒಂದೇ ಅಳತೆಯ ಕೈಗೆ, ಒಂದೇ ಹಿಡಿತಕ್ಕೆ ಮಾಡಿದ್ದು. ನನ್ನನ್ನು ಕೇಳಿದರೆ ಹೊರಾಂಗಣ ಕೆಲಸದ ಚಾಕುವಿಗೆ ಬೆರಳಿನ ತಗ್ಗೇ ಬೇಡ.

ಕೆತ್ತನೆ ಕಲಿಸುವಾಗ ನಾನು ಹೊಸಬರ ಚಾಕು ನೋಡುವುದಿಲ್ಲ, ಅರ್ಧ ಗಂಟೆ ಬಿಟ್ಟು ಅಂಗೈ ತೋರಿಸಿ ಎನ್ನುತ್ತೇನೆ. ಕೆಂಪಗಾದ ಜಾಗ ಚಾಕುವಿನ ದೋಷವನ್ನು ಹೇಳಿಬಿಡುತ್ತದೆ. ಹೆಬ್ಬೆರಳು ತೋರುಬೆರಳಿನ ಸಂದಿನಲ್ಲಿ ಕೆಂಪಾಗಿದ್ದರೆ ಹಿಡಿಯ ಮೇಲಂಚಿನ ಮೂಲೆಗಳು ಚೂಪಾಗಿವೆ. ಅಂಗೈಯ ನಡುವೆ ಗುಂಡಗೆ ಗುರುತು ಬಿದ್ದಿದ್ದರೆ ಹಿಡಿ ಗಿಡ್ಡ, ಅದರ ತುದಿ ಅಂಗೈಯೊಳಗೇ ಚುಚ್ಚುತ್ತಿದೆ. ಕಿರುಬೆರಳ ಬುಡವಾದರೆ ಕೊನೆಯ ದಿಬ್ಬವೋ ತುದಿಯ ಕೊಕ್ಕೆಯೋ ಕಾರಣ. ನಿಮ್ಮದು ಇದೇ. ಬೆರಳುಗಳ ಒಳಮಡಿಕೆಯಲ್ಲಿ ಉದ್ದಗೆರೆ ಮೂಡಿದ್ದರೆ ಹಿಡಿ ಹಲಗೆಯಂತೆ ಚಪ್ಪಟೆ, ಅಂಚು ಉರುಟಾಗಿಲ್ಲ. ಚರ್ಮಕ್ಕೆ ಏನೂ ಆಗದೆ ಮೊಣಕೈವರೆಗೆ ತೋಳು ಸೋತಿದ್ದರೆ ಹಿಡಿ ತೀರಾ ತೆಳು. ತೆಳು ಹಿಡಿಯನ್ನು ಹಿಡಿದಿಟ್ಟುಕೊಳ್ಳಲಿಕ್ಕೇ ಹೆಚ್ಚು ಬಿಗಿಯಬೇಕು, ಕೆಲಸಕ್ಕೆ ಬೇಕಾದ ಬಲ ಅಲ್ಲೇ ಖರ್ಚಾಗುತ್ತದೆ.

ಮುಂದಿನ ಸಲ ಕೊಳ್ಳುವಾಗ ಹೀಗೆ ಮಾಡಿ. ಮುಷ್ಟಿ ಕಟ್ಟಿದಾಗ ನಡುಬೆರಳ ತುದಿ ಹೆಬ್ಬೆರಳ ಬುಡದ ಉಬ್ಬನ್ನು ಮುಟ್ಟೀತೋ ಮುಟ್ಟದೋ ಎನ್ನುವಷ್ಟು ದಪ್ಪ ಇರಲಿ. ಉಗುರು ಅಂಗೈಗೆ ಊರಿದರೆ ಅದು ತೆಳು. ಉದ್ದ, ನಾಲ್ಕು ಬೆರಳು ಕೂತ ಮೇಲೆ ಇನ್ನೊಂದು ಬೆರಳಿನಷ್ಟು ಉಳಿಯಲಿ. ಹೆಚ್ಚಿನ ದೊಡ್ಡವರ ಕೈಗೆ 11ರಿಂದ 12 ಸೆಂಟಿಮೀಟರ್ ಸಾಕು. ಆಮೇಲೆ ಚಾಕುವನ್ನು ಒರೆಯಲ್ಲೇ ಇಟ್ಟು, ಕಣ್ಣು ಮುಚ್ಚಿ, ಕೈಯಲ್ಲಿ ನಾಲ್ಕಾರು ಸಲ ತಿರುಗಿಸಿ ನಿಲ್ಲಿಸಿ. ಬಾಯಿ ಯಾವ ಕಡೆಗಿದೆ ಎಂದು ಕಣ್ಣು ತೆರೆಯದೆ ಹೇಳಲು ಬಂದರೆ ಹಿಡಿಯ ಅಡ್ಡಕೊಯ್ತ ಮೊಟ್ಟೆಯಾಕಾರದ್ದು, ಒಳ್ಳೆಯದು. ಪೂರ್ತಿ ದುಂಡಗಿನ ಹಿಡಿ ಒದ್ದೆ ಕೈಯಲ್ಲಿ ಹೊರಳುತ್ತದೆ, ಕತ್ತಲಲ್ಲಿ ದಿಕ್ಕನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು. ಹಿಡಿ ಮುಗಿದ ಕೂಡಲೇ ಚಾಕುವಿನ ಬಾಯಿ ಶುರುವಾಗಬೇಕು. ಕೆಲವು ಚಾಕುಗಳಲ್ಲಿ ನಡುವೆ ತೋರುಬೆರಳಿಡಲು ಒಂದು ಅರ್ಧಚಂದ್ರ ಕಚ್ಚು ಕೊಟ್ಟಿರುತ್ತಾರೆ. ನೋಡಲು ಚೆಂದ. ಆದರೆ ಕೈಗೆ ಹತ್ತಿರವಿದ್ದಷ್ಟೂ ಅಲಗಿಗೆ ಬಲ ಹೆಚ್ಚು, ಆ ಕಚ್ಚು ನುಂಗುವುದು ಸರಿಯಾಗಿ ಆ ಜಾಗವನ್ನೇ.

ಪ್ರಶ್ನೆ: ಫುಲ್ ಟ್ಯಾಂಗ್ ಅಲ್ಲದ ಚಾಕುವನ್ನು ಕಾಡಿಗೆ ಒಯ್ಯಲೇಬಾರದು ಎನ್ನುತ್ತಾರೆ. ನಿಜವೇ?

ಓದುಗರಿಗೆಲ್ಲ ಗೊತ್ತಾಗಲಿ: ಅಲಗಿನ ಉಕ್ಕು ಹಿಡಿಯೊಳಗೆ ಮುಂದುವರಿಯುವ ಭಾಗವೇ ಟ್ಯಾಂಗ್. ಅದು ಹಿಡಿಯ ಉದ್ದಗಲಕ್ಕೂ ಇದ್ದು, ಎರಡು ಬದಿಗೆ ಹೋಳು ಕೂರಿಸಿ ರಿವೆಟ್ ಹೊಡೆದಿದ್ದರೆ ಫುಲ್ ಟ್ಯಾಂಗ್.

‘ಒಯ್ಯಲೇಬಾರದು’ ಎನ್ನುವುದು ಅತಿಯಾಯಿತು. ಸ್ವೀಡನ್ನಿನ ಮೋರಾ ಊರಿನ ಚಾಕುಗಳು ಜಗತ್ತಿನ ಎಷ್ಟೋ ತರಬೇತಿ ಶಿಬಿರಗಳಲ್ಲಿ ಕಲಿಯುವವರ ಮೊದಲ ಚಾಕು. ಅವುಗಳಲ್ಲಿ ಬಹಳ ಬಳಕೆಯ ಮಾದರಿಯ ಅಲಗು 10 ಸೆಂಟಿಮೀಟರ್ ಚಿಲ್ಲರೆ ಉದ್ದ, ಸುಮಾರು 2.5 ಮಿಲಿಮೀಟರ್ ದಪ್ಪ, ಟ್ಯಾಂಗ್ ಹಿಡಿಯ ಕೊನೆಯವರೆಗೂ ಹೋಗುವುದಿಲ್ಲ. ಫಿನ್ಲೆಂಡಿನ ಪೂಕೊ ಚಾಕುವಿನ ಟ್ಯಾಂಗ್ ಕೂಡ ಮರದ ಹಿಡಿಯೊಳಗೆ ಹುದುಗಿದ ಕಿರಿದಾದ ಬಾಲವೇ. ಆ ಹಿಡಿಗಳು ಕೈತುಂಬುವ ಮೊಟ್ಟೆಯಾಕಾರದವು, ಉಕ್ಕು ಎಲ್ಲೂ ಚರ್ಮಕ್ಕೆ ತಾಗುವುದಿಲ್ಲ, ಹಿಮದ ಚಳಿಯಲ್ಲೂ ಕೈ ಮರಗಟ್ಟಿಸುವುದಿಲ್ಲ. ಫುಲ್ ಟ್ಯಾಂಗಿನಲ್ಲಿ ಹಿಡಿಯ ಸುತ್ತ ಉಕ್ಕಿನ ಅಂಚು ತೆರೆದೇ ಇರುತ್ತದೆ. ಬದಿಯ ಮರ ಒಣಗಿ ಕುಗ್ಗಿತೆಂದರೆ ಆ ಅಂಚು ಕೂದಲೆಳೆಯಷ್ಟು ಮೇಲೆದ್ದು ಕೊರೆಯತೊಡಗುತ್ತದೆ. ಬಡಿದಾಗಿನ ಕಂಪನವೂ ನೇರ ಕೈಗೇ ಬರುತ್ತದೆ.

ಹಾಗಾದರೆ ಫುಲ್ ಟ್ಯಾಂಗ್ ಯಾವಾಗ ಬೇಕು? ಅಲಗಿನ ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳುವುದೇ ಹೆಚ್ಚಾದರೆ, ಇಡೀ ತಿರುಗಾಟಕ್ಕೆ ಇರುವುದು ಅದೊಂದೇ ಚಾಕು ಎಂದಾದರೆ. ಬದಿಯ ಹೋಳು ಒಡೆದುಹೋದರೂ ಉಳಿದ ಉಕ್ಕಿಗೆ ಹಗ್ಗ ಸುತ್ತಿ ಕೆಲಸ ಸಾಗಿಸಬಹುದು. ಆ ನಿಶ್ಚಿಂತೆಗೆ ಬೆಲೆಯಿದೆ, ಒಪ್ಪುತ್ತೇನೆ. ಅಂಚು ಉರುಟಾಗಿದೆಯೇ ಎಂದು ಮಾತ್ರ ಬೆರಳಾಡಿಸಿ ನೋಡಿ.

ಪ್ರಶ್ನೆ: ಏಳು ಇಂಚಿನ ಅಲಗು, ಬೆನ್ನಿಗೆ ಗರಗಸ, ಟೊಳ್ಳು ಹಿಡಿಯೊಳಗೆ ಗಾಳ, ಬೆಂಕಿಕಡ್ಡಿ, ಮುಚ್ಚಳದಲ್ಲಿ ದಿಕ್ಸೂಚಿ. ಒಂದರಲ್ಲೇ ಎಲ್ಲ ಸಿಗುವಾಗ ಬೇರೆ ಏಕೆ?

ಎಲ್ಲ ಇದೆ, ಚಾಕು ಒಂದನ್ನು ಬಿಟ್ಟು. ಹಿಡಿ ಟೊಳ್ಳಾಗಬೇಕಾದರೆ ಟ್ಯಾಂಗ್ ಇರುವಂತಿಲ್ಲ, ಅಲಗು ಕೊಳವೆಯ ಬಾಯಲ್ಲಿ ಗಿಡ್ಡ ಬುಡದ ಮೇಲೆ ನಿಂತಿರುತ್ತದೆ. ಅಗ್ಗದವು ಮುರಿಯುವುದು ಅಲ್ಲೇ. ಕೊಳವೆ ದುಂಡಗಿರುವುದರಿಂದ ಕೈಯಲ್ಲಿ ಹೊರಳುತ್ತದೆ. ಬೆನ್ನಿನ ಗರಗಸ ಮರ ಕೊಯ್ಯುವುದಕ್ಕಿಂತ ನಿಮ್ಮ ಹೆಬ್ಬೆರಳನ್ನು ಕೊಯ್ಯುವುದರಲ್ಲಿ ಚುರುಕು. ಅಲ್ಲಿ ಬೆರಳು ಒತ್ತಲಾಗದು, ಕೊರಡಿನಿಂದ ಬಡಿಯಲಾಗದು, ಕಿಡಿ ಹಾರಿಸುವ ಫೆರೋ ಕಡ್ಡಿಯನ್ನು ಸರಿಯಾಗಿ ಕೆರೆಯಲೂ ಆಗದು. ದಿಕ್ಸೂಚಿಯನ್ನು ಜೇಬಿನಲ್ಲಿಡಿ, ಗಾಳವನ್ನು ಡಬ್ಬಿಯಲ್ಲಿಡಿ.

ಏಳು ಇಂಚು ಎಂದಾಗ ಎರಡನೇ ಮಹಾಯುದ್ಧದ ಅಮೆರಿಕನ್ ಮರೀನ್ ಸೈನಿಕರ ಕಾ-ಬಾರ್ ಚಾಕು ನೆನಪಾಗುವುದು ಸಹಜ. ತೊಗಲಿನ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿದ ಅದರ ಹಿಡಿ ನಿಜಕ್ಕೂ ಹಿತ. ಆದರೆ ಅದು ಕಾದಾಟಕ್ಕೂ ಡಬ್ಬ ಪೆಟ್ಟಿಗೆ ಒಡೆಯುವುದಕ್ಕೂ ಹುಟ್ಟಿದ್ದು. ಅಷ್ಟುದ್ದದ ಅಲಗಿನ ತುದಿಯಿಂದ ಸಣ್ಣ ಕಚ್ಚು ಕೆತ್ತಿ ನೋಡಿ, ಮಣಿಕಟ್ಟೇ ಬೇಡ ಎನ್ನುತ್ತದೆ. ಕಡಿಯುವ ಕೆಲಸವೇ ಮುಖ್ಯವಾದರೆ ನೇಪಾಳದ ಕುಕ್ರಿಯನ್ನು ಗಮನಿಸಿ. ತೂಕ ಮುಂದಕ್ಕಿದೆ, ಹಿಡಿಯ ನಡುವೆ ಉಂಗುರದಂಥ ಏರು, ತುದಿಯಲ್ಲಿ ಅಗಲ. ಬೀಸಿದಾಗ ಕೈ ಜಾರಬಾರದೆಂದು ಹಾಗೆ. ಅದೇ ಉಂಗುರ ಸಣ್ಣ ಕೆತ್ತನೆಗೆ ಕೂತಾಗ ಬೆರಳಿಗೆ ಒತ್ತುತ್ತದೆ. ಯಾವ ಹಿಡಿಯೂ ಎಲ್ಲ ಕೆಲಸಕ್ಕೆ ಒದಗದು. 10ರಿಂದ 12 ಸೆಂಟಿಮೀಟರಿನ ಅಲಗು, ಜೊತೆಗೊಂದು ಮಡಚುವ ಗರಗಸ. ಇವೆರಡೂ ಸೇರಿ ಹೆಚ್ಚುಕಡಿಮೆ ಆ ಏಳಿಂಚಿನ ದೈತ್ಯನಷ್ಟೇ ತೂಗುತ್ತವೆ, ಕೆಲಸ ಮಾತ್ರ ಎಷ್ಟೋ ಹೆಚ್ಚು.

ಪ್ರಶ್ನೆ: ಮಳೆಯಲ್ಲಿ, ಬೆವರಿನಲ್ಲಿ ಜಾರದ ಹಿಡಿ ಯಾವುದು? ಮರವೋ ರಬ್ಬರೋ?

ಮೊದಲು ಆಕಾರ, ಆಮೇಲೆ ವಸ್ತು. ನಡುವೆ ತುಸು ಉಬ್ಬಿ ಎರಡೂ ತುದಿಗೆ ಇಳಿಯುವ ಹಿಡಿ ನುಣ್ಣಗಿದ್ದರೂ ಸುಲಭಕ್ಕೆ ಜಾರದು. ಆಕಾರ ಸರಿಯಿಲ್ಲದ ಹಿಡಿಗೆ ಅರದಂತೆ ಚೌಕುಳಿ ಗೀರು ಹಾಕಿ ಮಾರುವುದುಂಟು. ಹತ್ತು ನಿಮಿಷ ಭದ್ರ ಎನಿಸುತ್ತದೆ, ಒಂದು ಗಂಟೆಗೆ ಚರ್ಮ ಸುಲಿಯುತ್ತದೆ.

ರಬ್ಬರಿನಂಥ ಮೆದು ಹಿಡಿ ಒದ್ದೆಯಲ್ಲಿ ಚೆನ್ನಾಗಿ ಕಚ್ಚುತ್ತದೆ, ಪೆಟ್ಟನ್ನೂ ನುಂಗುತ್ತದೆ. ಒಂದು ಎಚ್ಚರಿಕೆ: ಸೊಳ್ಳೆ ಓಡಿಸುವ ಮುಲಾಮಿನಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಅದು ಕೆಲವು ಪ್ಲಾಸ್ಟಿಕ್, ರಬ್ಬರುಗಳನ್ನು ಕರಗಿಸುತ್ತದೆ. ಮುಲಾಮು ಹಚ್ಚಿದ ಕೈಯಲ್ಲೇ ಚಾಕು ಹಿಡಿದರೆ ಹಿಡಿ ಅಂಟಂಟಾದೀತು. ಕೈ ತೊಳೆದುಕೊಳ್ಳಿ.

ಮೈಕಾರ್ಟ ಎಂದರೆ ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ರಾಳದಲ್ಲಿ ನೆನೆಸಿ, ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು. ದಪ್ಪ ಕ್ಯಾನ್ವಾಸಿನದ್ದು, ಹೊಳಪು ಕೊಡದೆ ಬಿಟ್ಟದ್ದು, ಒದ್ದೆಯಾದಷ್ಟೂ ಹಿಡಿತ ಹೆಚ್ಚು. ನನ್ನ ಮೊದಲ ಆಯ್ಕೆ ಇದು. ಜಿ10 ಗಾಜಿನ ನಾರಿನದ್ದು, ಬಲ ಹೆಚ್ಚು, ಆದರೆ ಒರಟು ಬಿಟ್ಟರೆ ಪ್ಯಾಂಟನ್ನೂ ಸವೆಸುತ್ತದೆ.

ಮರ ಕೈಗೆ ಬೆಚ್ಚಗೆ, ಬೇಕಾದಂತೆ ಕೆತ್ತಿಕೊಳ್ಳಬಹುದು. ಆಗಾಗ ಅಗಸೆ ಎಣ್ಣೆ ತೆಳ್ಳಗೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊರಡುತ್ತದೆ, ಮುದ್ದೆಯೊಳಗೆ ಆ ಬಿಸಿ ಸಿಕ್ಕಿಕೊಂಡು ತಾನಾಗಿ ಬೆಂಕಿ ಹತ್ತುವುದುಂಟು. ಹರವಿ ಒಣಗಿಸಿ. ಬರಿ ಉಕ್ಕಿಗೆ ಹಗ್ಗ ಸುತ್ತಿದ ಹಿಡಿ ಫೋಟೊಗೆ ಚೆನ್ನ. ನೆಂದರೆ ಒಣಗದು, ಮೀನು ಸೀಳಿದರೆ ವಾಸನೆ ಹೋಗದು.

ಪ್ರಶ್ನೆ: ನನ್ನದು ಚಿಕ್ಕ ಕೈ, ಮೇಲೆ ಎಡಗೈ ಬಳಕೆ. ‘ಲೇಡೀಸ್ ಸೈಜ್’ ಎಂದು ತೋರಿಸಿದ್ದೆಲ್ಲ ಆಟಿಕೆಯಂತಿವೆ.

ನನ್ನದೂ ಚಿಕ್ಕ ಕೈಯೇ, ಆ ಸಿಟ್ಟು ಗೊತ್ತು. ಚಿಕ್ಕ ಕೈಗೆ ಬೇಕಾದ್ದು ಸುತ್ತಳತೆ ತುಸು ಕಡಿಮೆಯಿರುವ ಹಿಡಿ, ಉದ್ದ ಕಡಿಮೆ ಮಾಡಬೇಕಿಲ್ಲ, ಅಲಗನ್ನಂತೂ ಮೊಟಕು ಮಾಡಲೇಬೇಕಿಲ್ಲ. ಎಡಗೈಗೆ ಎರಡೂ ಬದಿ ಸಮನಾದ ಹಿಡಿ, ಒಂದೇ ಬಾಯಿಯನ್ನು ಎರಡೂ ಬದಿಯಿಂದ ಸಮನಾಗಿ ಮಸೆದ ಅಲಗು ನೋಡಿ. ಒರೆಯನ್ನು ಮರೆಯಬೇಡಿ. ಬಲಗೈಯವರಿಗೆಂದೇ ಹೊಲಿದ ಒರೆಯಿಂದ ಎಡಗೈಯಲ್ಲಿ ಎಳೆಯುವುದು ಪೇಚಾಟ.

ಪ್ರಶ್ನೆ: ಕಾರ್ಬನ್ ಉಕ್ಕೋ, ಸ್ಟೇನ್‌ಲೆಸ್ಸೋ?

ತುಕ್ಕು ಹಿಡಿಯದಂತೆ ಒರೆಸಿ ಎಣ್ಣೆ ಸವರುವ ಶಿಸ್ತು ಇದ್ದರೆ 1095 ದರ್ಜೆಯಂಥ ಕಾರ್ಬನ್ ಉಕ್ಕು, ಇಲ್ಲವೇ ಉಪ್ಪುಗಾಳಿಯ ಕಡೆ ಹೋಗುವವರಾದರೆ 12ಸಿ27 ಅಥವಾ 14ಸಿ28ಎನ್ ದರ್ಜೆಯ ಸ್ಟೇನ್‌ಲೆಸ್. ಬೆನ್ನಿನ ಅಂಚು ಚೌಕವಾಗಿದ್ದರೆ ಫೆರೋ ಕಡ್ಡಿಗೆ ಎರಡೂ ಆದೀತು. ಚಕಮಕಿ ಕಲ್ಲಿಗೆ ಮಾತ್ರ ಕಾರ್ಬನ್ ಉಕ್ಕೇ ಬೇಕು.

ಪ್ರಶ್ನೆ: ಹದಿಮೂರರ ಮಗನನ್ನು ಶಿಬಿರಕ್ಕೆ ಕಳಿಸುತ್ತಿದ್ದೇವೆ. ಕೈ ಅಲಗಿನ ಮೇಲೆ ಜಾರದಂತೆ ಅಡ್ಡಪಟ್ಟಿ ಇರುವ ಚಾಕುವೇ ಬೇಕೇ?

ಮೊದಲ ಚಾಕುವಿಗೆ ಕೆಳಬದಿಯಲ್ಲಿ, ತೋರುಬೆರಳಿನ ಮುಂದೆ, ಒಂದು ತಡೆ ಇರಲಿ. ಹಿಡಿಯಲ್ಲೇ ಇರುವ ಉಬ್ಬಾದರೂ ಸಾಕು. ಮೇಲೂ ಕೆಳಗೂ ಚಾಚಿದ ಅಡ್ಡಪಟ್ಟಿ ಬೇಡ, ಹೆಬ್ಬೆರಳು ಬೆನ್ನಿಗೆ ಹೋಗಲು ಅದೇ ಅಡ್ಡಿ. ಕೈ ಮುಂದಕ್ಕೆ ಜಾರುವುದು ತಿವಿದಾಗ, ತಿವಿಯುವ ಕೆಲಸ ಹುಡುಗನಿಗೆ ಏನಿದೆ?

ಚಾಕುವಿಗಿಂತ ಕೂರುವ ರೀತಿ ಕಲಿಸಿ. ಮೊಣಕೈ ಮೊಣಕಾಲ ಮೇಲೆ ಊರಿ, ತೊಡೆಗಳಾಚೆ ಕೆತ್ತಬೇಕು, ತೊಡೆಗಳ ನಡುವೆ ಎಂದೂ ಅಲ್ಲ. ತೊಡೆಯ ಒಳಬದಿಯ ದೊಡ್ಡ ರಕ್ತನಾಳಕ್ಕೆ ತಾಗಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ತೋಳು ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು. ಎದ್ದರೆ ಚಾಕು ಒರೆಗೆ. ಹಿಡಿಯ ತೂತಿಗೆ ಕಟ್ಟಿದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದು ಬೇಡ. ಕೈಜಾರಿದ ಚಾಕು ದೂರ ಬೀಳಬೇಕು, ತೂಗಾಡಿ ವಾಪಸು ಬರಬಾರದು. ಚಾಕು ಒಯ್ಯುವ ಕಾನೂನು ದೇಶ ದೇಶಕ್ಕೆ ಬೇರೆ, ಶಿಬಿರದವರ ನಿಯಮವೂ ಇರುತ್ತದೆ. ಎರಡನ್ನೂ ಮೊದಲೇ ವಿಚಾರಿಸಿ.

ಪ್ರಶ್ನೆ: ಚಾಕು ಈಗಾಗಲೇ ಕೊಂಡಾಗಿದೆ, ಹಿಡಿ ಚುಚ್ಚುತ್ತದೆ. ಸರಿಮಾಡಬಹುದೇ?

ಮರ, ಮೈಕಾರ್ಟ ಆದರೆ ಧಾರಾಳವಾಗಿ. ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪ್ ಅಂಟಿಸಿ. ಸ್ವಲ್ಪ ಹೊತ್ತು ಕೆತ್ತಿ, ಕೈ ಕೆಂಪಾದ ಜಾಗಕ್ಕೆ ತಾಗುವ ಕಡೆ ಹಿಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಅಲ್ಲಿ ಮಾತ್ರ 120 ನಂಬರಿನ ಒರಟು ಉಜ್ಜುಕಾಗದ, ಆಮೇಲೆ ಅದಕ್ಕಿಂತ ನಯವಾದ 240. ಹೊಳಪು ಬರುವವರೆಗೆ ಹೋಗಬೇಡಿ, ಜಾರುತ್ತದೆ. ಜಿ10 ಆದರೆ ನೀರು ಹಾಕಿಕೊಂಡು ಉಜ್ಜಿ, ಮುಖಗವುಸು ಹಾಕಿಕೊಳ್ಳಿ, ಅದರ ಗಾಜಿನ ಧೂಳು ಶ್ವಾಸಕ್ಕೆ ಕೆಟ್ಟದ್ದು. ರಬ್ಬರ್ ಸರಿಯಾಗಿ ಉಜ್ಜಲು ಬಾರದು. ತಗ್ಗು ತುಂಬುವಂತೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿದರೆ ಎಷ್ಟೋ ಪಾಲು ಸರಿಹೋಗುತ್ತದೆ. ಮೊದಲ ಪತ್ರದವರೂ ಇದನ್ನು ಮಾಡಿ ನೋಡಬಹುದು. ಅಲಗಿನ ಬೆನ್ನು ಹೆಬ್ಬೆರಳಿಗೆ ಒತ್ತುತ್ತಿದ್ದರೆ ಹಿಡಿಯ ಪಕ್ಕದ ಎರಡು ಮೂರು ಸೆಂಟಿಮೀಟರಿನ ಮೂಲೆಗಳನ್ನಷ್ಟೇ ಅರದಿಂದ ಇಳಿಸಿ. ಅದರಾಚೆಯ ಚೌಕ ಅಂಚು ಫೆರೋ ಕಡ್ಡಿಗೆ ಬೇಕು, ಅದನ್ನು ಮುಟ್ಟಬೇಡಿ.