ಹೆಸರು ಒಂದೇ, ಇಳಿಯುವ ಜಾಗ ಬೇರೆ

ಪ್ರಶ್ನೆ: ಹೌರಾಕ್ಕೆ ಹೋಗುವ ನಮ್ಮ ಟಿಕೆಟ್‌ನಲ್ಲಿ ‘ಎಸ್‌ಎಂವಿಟಿ ಬೆಂಗಳೂರು’ ಎಂದಿದೆ. ಮೆಟ್ರೊ ನಕ್ಷೆಯಲ್ಲಿ ಮೆಜೆಸ್ಟಿಕ್ ಪಕ್ಕದಲ್ಲೇ ‘ಸರ್ ಎಂ. ವಿಶ್ವೇಶ್ವರಯ್ಯ’ ನಿಲ್ದಾಣ ಕಾಣುತ್ತದೆ. ಅಲ್ಲೇ ಇಳಿದರೆ ಸಾಕೆ? (ಓದುಗರು, ಹಾವೇರಿ)

ದಯವಿಟ್ಟು ಅಲ್ಲಿ ಇಳಿಯಬೇಡಿ. ಅದು ಸೆಂಟ್ರಲ್ ಕಾಲೇಜಿನ ಬಳಿ ಇರುವ ಬರೀ ಮೆಟ್ರೊ ನಿಲ್ದಾಣ, ಅಲ್ಲಿ ರೈಲು ಹಳಿಯೇ ಇಲ್ಲ. ನಿಮ್ಮ ರೈಲು ಹೊರಡುವುದು 2022ರ ಜೂನ್‌ನಲ್ಲಿ ಶುರುವಾದ ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ. ಎರಡಕ್ಕೂ ಸರ್ ಎಂ.ವಿ. ಹೆಸರು, ಆದ್ದರಿಂದ ಈ ಗೊಂದಲ.

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಹತ್ತಿ, ಒಂಬತ್ತನೇ ನಿಲ್ದಾಣ ಬೈಯಪ್ಪನಹಳ್ಳಿಯಲ್ಲಿ ಇಳಿಯಿರಿ. ಎಡವುವುದು ಇಲ್ಲಿಯೇ. ಮೆಟ್ರೊ ಪಕ್ಕದಲ್ಲೇ ‘ಬೈಯಪ್ಪನಹಳ್ಳಿ’ ಎಂಬ ಬೋರ್ಡಿನ ಹಳೆಯ ರೈಲು ನಿಲ್ದಾಣ ಸಿಗುತ್ತದೆ. ಅದರ ಕೋಡ್ ಬಿವೈಪಿಎಲ್. ನಿಮಗೆ ಬೇಕಾದದ್ದು ಎಸ್‌ಎಂವಿಬಿ. ಟರ್ಮಿನಲ್ ಇರುವುದು ಬಾಣಸವಾಡಿ ಕಡೆಯ ಮಾರ್ಗದಲ್ಲಿ, ಹಳಿಗಳ ಆಚೆ. ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು. ಲಗೇಜ್ ಹೊತ್ತು ನಡೆಯುವ ದೂರವಲ್ಲ, ಆಟೊ ಹಿಡಿಯಿರಿ. ಆಟೊದವರಿಗೆ ‘ಬೈಯಪ್ಪನಹಳ್ಳಿ ಸ್ಟೇಷನ್’ ಎನ್ನದೆ ‘ಹೊಸ ಟರ್ಮಿನಲ್’ ಎನ್ನಿ. ರೈಲು ಹೊರಡುವ ಎರಡು ಗಂಟೆ ಮೊದಲು ಮೆಜೆಸ್ಟಿಕ್ ಬಿಟ್ಟರೆ ಗಡಿಬಿಡಿ ಇರದು. ಮೆಟ್ರೊದಲ್ಲಿ ತೀರಾ ದೊಡ್ಡ ಪೆಟ್ಟಿಗೆಗೆ ಬೇರೆ ಟಿಕೆಟ್ ಕೇಳುತ್ತಾರೆ, ಒಳಗೆ ಹೋಗುವ ಮುಂಚೆಯೇ ಕೌಂಟರ್‌ನಲ್ಲಿ ವಿಚಾರಿಸಿ.

ಒಟ್ಟಿನಲ್ಲಿ ಟಿಕೆಟ್‌ನಲ್ಲಿ ಊರಿನ ಹೆಸರಿಗಿಂತ ಕೋಡ್ ನೋಡುವ ರೂಢಿ ಮಾಡಿಕೊಳ್ಳಿ: ಎಸ್‌ಬಿಸಿ ಎಂದರೆ ಮೆಜೆಸ್ಟಿಕ್ ಎದುರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ವೈಪಿಆರ್ ಯಶವಂತಪುರ, ಬಿಎನ್‌ಸಿ ದಂಡು.

ಪ್ರಶ್ನೆ: ಮೈಸೂರಿನಿಂದ ರೈಲಿನಲ್ಲಿ ಬಂದು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಬೇಕು. ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹಿಡಿಯುವುದು ಒಳ್ಳೆಯದೇ? (ಓದುಗರು, ಮಂಡ್ಯ)

ಬೇಡ. ಕೆಂಗೇರಿ ರೈಲು ನಿಲ್ದಾಣಕ್ಕೂ ಮೆಟ್ರೊಗೂ ನಡುವೆ ದೂರವಿದೆ, ಉಳಿಸಿದ ಸಮಯ ಅಲ್ಲೇ ಕಳೆಯುತ್ತದೆ. ಸಂಗೊಳ್ಳಿ ರಾಯಣ್ಣ ನಿಲ್ದಾಣದವರೆಗೂ ಬನ್ನಿ. ಒಂದನೇ ಪ್ಲಾಟ್‌ಫಾರಂ ಕಡೆ ಹೊರಬಂದರೆ ಎದುರಿಗೇ ಮೆಜೆಸ್ಟಿಕ್. ಹತ್ತನೇ ಪ್ಲಾಟ್‌ಫಾರಂ ಕಡೆಯ ಹಿಂಬಾಗಿಲಿನಲ್ಲಿ ಬೇರೆಯೇ ಮೆಟ್ರೊ ನಿಲ್ದಾಣವಿದೆ. ಅದು ನೇರಳೆ ಮಾರ್ಗದ್ದು, ಲಾಲ್‌ಬಾಗ್‌ಗೆ ಹೋಗುವವರು ಅಲ್ಲಿ ಹತ್ತಿದರೆ ಮೆಜೆಸ್ಟಿಕ್‌ನಲ್ಲಿ ಮತ್ತೆ ಬದಲಿಸಬೇಕು.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ, ರೇಷ್ಮೆ ಸಂಸ್ಥೆ ಕಡೆಯ ಗಾಡಿ. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ನಾಲ್ಕನೆಯದೇ ಲಾಲ್‌ಬಾಗ್. ಪಶ್ಚಿಮ ದ್ವಾರ ಹತ್ತಿರ, 1889ರ ಗಾಜಿನ ಮನೆಯೂ ಆ ಕಡೆಗೇ. ಪ್ರದರ್ಶನದ ದಿನ ಸಂಜೆ ಲಾಲ್‌ಬಾಗ್ ಕೌಂಟರಿನ ಸಾಲು ಮೆಟ್ಟಿಲಿಳಿದು ಬರುತ್ತದೆ. ಬರುವಾಗಲೇ ಕಾರ್ಡಿಗೆ ವಾಪಸಿನ ದುಡ್ಡೂ ಹಾಕಿಸಿಕೊಳ್ಳಿ.

ಪ್ರಶ್ನೆ: ನಂದಿ ಬೆಟ್ಟಕ್ಕೆ ರೈಲಿದೆಯೇ? (ಓದುಗರು, ತುಮಕೂರು)

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಇದೆ, ಆದರೆ ಅದು ಬೆಟ್ಟದ ಬುಡದ ನಂದಿ ಗ್ರಾಮಕ್ಕೆ, ಶಿಖರಕ್ಕಲ್ಲ. ಭೋಗನಂದೀಶ್ವರನ ದರ್ಶನಕ್ಕೆ ಇದೇ ಸರಿ. 1478 ಮೀಟರ್ ಎತ್ತರದ ಬೆಟ್ಟಕ್ಕೆ ವಾಹನದ ದಾರಿ ಬೇರೆ ಮಗ್ಗುಲಿನಿಂದ, ಅದಕ್ಕೆ ಬಸ್ಸೇ ವಾಸಿ. ಈ ಮಾರ್ಗದಲ್ಲಿ ರೈಲುಗಳು ಕಡಿಮೆ, ವಾಪಸಿನ ಗಾಡಿಯ ಹೊತ್ತು ನೋಡಿಕೊಂಡೇ ಇಳಿಯಿರಿ.