ಮೈಲ್ಸ್ ಇದೆ, ಸೀಟು ಸಿಗ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಮ್ಮ ಯಜಮಾನರು ಆಫೀಸ್ ಕೆಲಸಕ್ಕೆ ಆಗಾಗ ಸಿಂಗಪುರಕ್ಕೆ ಹೋಗಿ ಬರ್ತಾರೆ. ಅವರ ಕ್ರಿಸ್‌ಫ್ಲೈಯರ್ (ಸಿಂಗಪುರ್ ಏರ್‌ಲೈನ್ಸ್‌ನ ಮೈಲ್ಸ್ ಯೋಜನೆ) ಖಾತೆಯಲ್ಲಿ ಸಾಕಷ್ಟು ಮೈಲ್ಸ್, ಅಂದರೆ ದುಡ್ಡಿನ ಬದಲು ಕೊಟ್ಟು ಟಿಕೆಟ್ ಪಡೆಯುವ ಪಾಯಿಂಟ್ಸ್ ಇದೆ. ಕ್ರೆಡಿಟ್ ಕಾರ್ಡ್‌ನಲ್ಲೂ ಪಾಯಿಂಟ್ಸ್ ಇವೆ. ಬೇಸಿಗೆ ರಜೆಯಲ್ಲಿ ಇಬ್ಬರು ಮಕ್ಕಳನ್ನು ಕರ್ಕೊಂಡು ಆಸ್ಟ್ರೇಲಿಯಾ ನೋಡಿ ಬರುವ ಆಸೆ. ಫೆಬ್ರವರಿಯಿಂದ ಹುಡುಕುತ್ತಿದ್ದೇನೆ, ನಾಲ್ಕು ಸೀಟು ಒಟ್ಟಿಗೆ ಸಿಗುತ್ತಲೇ ಇಲ್ಲ. ಕಾರ್ಡ್ ಪಾಯಿಂಟ್ಸನ್ನೆಲ್ಲ ಈಗಲೇ ಮೈಲ್ಸ್ ಮಾಡಿಟ್ಟುಕೊಳ್ಳಲಾ?
— ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಸೀಟು ಕಣ್ಣಿಗೆ ಕಾಣುವವರೆಗೆ ಕಾರ್ಡ್ ಪಾಯಿಂಟ್ಸ್ ಕಾರ್ಡ್‌ನಲ್ಲೇ ಇರಲಿ. ಮೊದಲೇ ವರ್ಗಾಯಿಸುವುದು ಛತ್ರ ಸಿಗುವ ಮುಂಚೆ ಲಗ್ನಪತ್ರಿಕೆ ಹಂಚಿದ ಹಾಗೆ. ಒಮ್ಮೆ ಏರ್‌ಲೈನ್ ಖಾತೆಗೆ ಹೋದ ಪಾಯಿಂಟ್ಸ್ ಮತ್ತೆ ಕಾರ್ಡ್‌ಗೆ ವಾಪಸ್ ಬರುವುದಿಲ್ಲ. ಜೊತೆಗೆ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ 3 ವರ್ಷದ ಆಯಸ್ಸು. ಖಾತೆಗೆ ಬಿದ್ದ ದಿನದಿಂದಲೇ ಅದರ ಲೆಕ್ಕ ಶುರು.

ಇನ್ನು ಸೀಟಿನ ವಿಷಯ. ವಿಮಾನದಲ್ಲಿ ಖಾಲಿ ಇರುವ ಸೀಟೆಲ್ಲ ಮೈಲ್ಸ್‌ಗೆ ಸಿಗುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವವರು ಬರಬಹುದು ಅನಿಸಿದ ಸೀಟನ್ನು ಕಂಪನಿ ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಕ ಕೆಲವನ್ನಷ್ಟೇ ಕಡಿಮೆ ಮೈಲ್ಸ್‌ನ 'ಸೇವರ್' ದರಕ್ಕೆ ಬಿಡುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮಕ್ಕಳಿಗೆ ರಜೆ. ಅದೇ ಹೊತ್ತಿಗೆ ಈಸ್ಟರ್ ಬರುತ್ತದೆ, ಆಸ್ಟ್ರೇಲಿಯಾದ ಶಾಲೆಗಳಿಗೂ ರಜೆ ಇರುತ್ತದೆ. ಎರಡೂ ಕಡೆಯವರು ಒಂದೇ ಸಲ ಓಡಾಡುವಾಗ ಸೇವರ್ ಸೀಟು ಎಲ್ಲಿಂದ ಬರಬೇಕು?

ನನ್ನ ಕೇಳಿದರೆ ಮೇ ತಿಂಗಳಿಗೆ ಜಾರಿ. ಅಲ್ಲಿನ ಮಕ್ಕಳು ಆಗಲೇ ಶಾಲೆಗೆ ವಾಪಸ್ ಹೋಗಿರುತ್ತಾರೆ. ಮೆಲ್ಬರ್ನ್‌ನಲ್ಲಿ ಶರತ್ಕಾಲ, ಎಲೆ ಬಣ್ಣ ತಿರುಗುವ ಸಮಯ, ಒಂದು ಸ್ವೆಟರ್ ಇದ್ದರೆ ಸಾಕು. ಮೇ ಮೊದಲ ವಾರ ಕಳೆದ ಮೇಲೆ ಹೊರಟು, ನಮ್ಮ ಶಾಲೆ ತೆರೆಯುವ ಕೊನೆಯ ವಾರದ ನೂಕುನುಗ್ಗಲಿಗೆ ಮೊದಲೇ ವಾಪಸ್ ಬನ್ನಿ. ವಾರಾಂತ್ಯ ಬಿಟ್ಟು ಮಂಗಳವಾರ, ಬುಧವಾರ ನೋಡಿ.

ಫೆಬ್ರವರಿಯಲ್ಲಿ ಹುಡುಕಿದ್ದು ತಡವಾಯಿತು. ದೊಡ್ಡ ಏರ್‌ಲೈನ್‌ಗಳು ಸುಮಾರು 11 ತಿಂಗಳ ಮುಂಚೆಯೇ ಬುಕಿಂಗ್ ತೆರೆಯುತ್ತವೆ. ಮುಂದಿನ ಮೇಗೆ ಹೋಗಬೇಕೆಂದರೆ ಈ ಜೂನ್‌ನಲ್ಲೇ ಕೂರಬೇಕು. ಹುಡುಕುವಾಗ ನಾಲ್ಕು ಜನ ಅಂತ ಹಾಕಬೇಡಿ. ಎರಡೇ ಸೀಟು ಇದ್ದರೆ, ನಾಲ್ಕು ಕೇಳಿದಾಗ ಆ ಎರಡೂ ಕಾಣುವುದಿಲ್ಲ. ಇಬ್ಬರಿಗೆ ಹುಡುಕಿ. ಸಿಕ್ಕರೆ ನೀವು ಒಂದು ಮಗು, ಅವರು ಇನ್ನೊಂದು ಮಗು ಅಂತ ಎರಡು ಬುಕಿಂಗ್ ಮಾಡಿ. ಒಂದು ದಿನದ ಅಂತರದಲ್ಲಿ ಹೋದರೂ ನಷ್ಟವೇನಿಲ್ಲ, ಅಲ್ವಾ? ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಮೈಲ್ಸ್ ಟಿಕೆಟ್‌ಗೂ ವೇಟ್‌ಲಿಸ್ಟ್ ಇದೆ, ಅದಕ್ಕೂ ಹೆಸರು ಹಾಕಿ. ಆದರೆ ವೇಟ್‌ಲಿಸ್ಟ್ ನಂಬಿಕೊಂಡು ಹೋಟೆಲ್‌ಗೆ ದುಡ್ಡು ಕಟ್ಟಬೇಡಿ.

ಹೋಗಿ ಬರುವುದು ಒಂದೇ ಊರಿಂದ ಆಗಬೇಕು ಅಂತೇನೂ ಇಲ್ಲ. ಬೆಂಗಳೂರಿನಿಂದ ಸಿಂಗಪುರದ ಮೇಲೆ ಮೆಲ್ಬರ್ನ್‌ಗೆ ಇಳಿಯಿರಿ, ಸಿಡ್ನಿಯಿಂದ ವಾಪಸ್ ಹತ್ತಿ. ನಡುವಿನ ಸಣ್ಣ ಹಾರಾಟಕ್ಕೆ ದುಡ್ಡು ಕೊಡಿ. ಹೀಗೆ ನೋಡಿದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ, ಬಂದ ದಾರಿಯಲ್ಲೇ ಹಿಂದೆ ಹೋಗುವ ದಿನವೂ ಉಳಿಯುತ್ತದೆ. ಆದರೆ ಸಿಂಗಪುರದವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದೆ ಇನ್ನೊಂದು ಟಿಕೆಟ್ ಅಂತ ಮಾಡಿದರೆ ಎಚ್ಚರ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಮಕ್ಕಳ ಜೊತೆ ಆ ಫಜೀತಿ ಬೇಡ.

ಬುಕ್ ಮಾಡುವ ಮುಂಚೆ ಒಂದು ಲೆಕ್ಕ ಹಾಕಿ. ಟಿಕೆಟ್ ಬೆಲೆ ₹65,000 ಅಂದುಕೊಳ್ಳೋಣ. ಮೈಲ್ಸ್‌ನಲ್ಲಾದರೆ 56,000 ಮೈಲ್ಸ್, ಮೇಲೆ ₹9,000 ತೆರಿಗೆ. ಉಳಿದದ್ದು ₹56,000, ಅಂದರೆ ಒಂದು ಮೈಲ್‌ಗೆ ಒಂದು ರೂಪಾಯಿ. ಕೆಲವು ಕಾರ್ಡ್‌ಗಳಲ್ಲಿ ಬ್ಯಾಂಕಿನ ಸೈಟ್‌ನಲ್ಲೇ ಟಿಕೆಟ್ ಕೊಂಡರೂ ಪಾಯಿಂಟ್‌ಗೆ ಒಂದು ರೂಪಾಯಿ ಕೊಡುತ್ತಾರೆ. ಹಾಗಿದ್ದರೆ ಈ ಲೆಕ್ಕದಲ್ಲಿ ವರ್ಗಾವಣೆಯ ತಲೆನೋವು ಸುಮ್ನೆ. ರೂಪಾಯಿಗಿಂತ ಚೆನ್ನಾಗಿ ಮೇಲೆ ಹೋದಾಗ ಮಾತ್ರ ಮೈಲ್ಸ್ ಮಾಡಿಕೊಳ್ಳಿ. ಖಾತೆಯಲ್ಲಿ ಆಗಲೇ ಇರುವ ಮೈಲ್ಸ್‌ಗೆ ಈ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ಬೇಕಿಲ್ಲ. ಅವುಗಳನ್ನು ಬಳಸಲೇಬೇಕು.

ಕೊನೆಯದಾಗಿ ಎರಡು ಕೆಲಸ ಇವತ್ತೇ ಮಾಡಿ. ಯಜಮಾನರ ಖಾತೆಯಲ್ಲಿ ನಿಮ್ಮನ್ನೂ ಮಕ್ಕಳನ್ನೂ ನಾಮಿನಿಗಳಾಗಿ (ಅಂದರೆ ಅವರ ಮೈಲ್ಸ್‌ನಲ್ಲಿ ಟಿಕೆಟ್ ಪಡೆಯಬಹುದಾದವರಾಗಿ) ಸೇರಿಸಿ, 5 ಜನರವರೆಗೆ ಅವಕಾಶವಿದೆ. ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಇರಬೇಕು. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಎಡವಟ್ಟಾಗುವುದೇ ಹೆಚ್ಚು. ಆಮೇಲೆ ಯಾವ ಮೈಲ್ಸ್ ಯಾವಾಗ ಮುಗಿಯುತ್ತದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ವೀಸಾ ಸಿಗದೆ ಟಿಕೆಟ್ ರದ್ದು ಮಾಡಿದರೆ ಶುಲ್ಕ ಕಳೆದು ಮೈಲ್ಸ್ ವಾಪಸ್ ಬರುತ್ತದೆ ನಿಜ. ಅಷ್ಟರಲ್ಲಿ ಅವಧಿ ಮುಗಿದವು ಮಾತ್ರ ಬರುವುದಿಲ್ಲ.

ಪ್ರಶ್ನೆ: ಲಂಡನ್‌ಗೆ ಮೈಲ್ಸ್‌ನಲ್ಲಿ ಟಿಕೆಟ್ ನೋಡಿದೆ. 'ಉಚಿತ' ಟಿಕೆಟ್‌ಗೂ ತೆರಿಗೆ ಅಂತ ದೊಡ್ಡ ಮೊತ್ತ ತೋರಿಸುತ್ತಿದೆ. ಇದೇನಾದರೂ ಮೋಸವೇ?
— ಓದುಗರು, ಬೆಳಗಾವಿ

ಉತ್ತರ: ಮೋಸವಲ್ಲ, ಆದರೆ ತಪ್ಪಿಸಿಕೊಳ್ಳುವ ದಾರಿ ಇದೆ. ಬ್ರಿಟನ್‌ನಿಂದ ವಿಮಾನ ಹತ್ತುವವರಿಗೆ ಅಲ್ಲಿನ ಸರ್ಕಾರ 'ಏರ್ ಪ್ಯಾಸೆಂಜರ್ ಡ್ಯೂಟಿ' ಹಾಕುತ್ತದೆ. ದೂರ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಬಿಸಿನೆಸ್ ಕ್ಲಾಸ್‌ಗೆ ಇಕಾನಮಿಯ ಎರಡು ಪಟ್ಟಿಗೂ ಮೇಲೆ. 16 ವರ್ಷದೊಳಗಿನ ಮಕ್ಕಳು ಇಕಾನಮಿಯಲ್ಲಿ ಹೋದರೆ ಇದು ಇಲ್ಲ. ಮುಖ್ಯ ಸಂಗತಿ ಏನೆಂದರೆ, ಈ ತೆರಿಗೆ ಹೊರಡುವವರಿಗೆ, ಇಳಿಯುವವರಿಗಲ್ಲ. ಹಾಗಾಗಿ ಲಂಡನ್‌ಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ವಾಪಸ್ ಹತ್ತಿ. ಎರಡೂ ಕಡೆಯಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಆ ಊರುಗಳಿಗೆ ಬೇಕಾದ ಷೆಂಗೆನ್ ವೀಸಾ ಬೇರೆ ಮಾಡಿಸಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ತೆರಿಗೆಯ ಜೊತೆಗೆ ಕೆಲವು ಏರ್‌ಲೈನ್‌ಗಳು ತಮ್ಮದೇ ಸರ್‌ಚಾರ್ಜ್ ಕೂಡ ಸೇರಿಸುತ್ತವೆ. ಅದು ಸರ್ಕಾರಕ್ಕಲ್ಲ, ಕಂಪನಿಗೇ ಹೋಗುವ ದುಡ್ಡು. ಬುಕಿಂಗ್‌ನ ಕೊನೆಯ ಪುಟದಲ್ಲಿ ವಿವರ ಬಿಚ್ಚಿ ನೋಡಿ. ಸರ್‌ಚಾರ್ಜ್ ಜಾಸ್ತಿ ಇದ್ದರೆ ಅದೇ ಮೈಲ್ಸ್‌ನಲ್ಲಿ ಅದೇ ಒಕ್ಕೂಟದ ಬೇರೆ ಏರ್‌ಲೈನ್ ಹುಡುಕಿ. ಉದಾಹರಣೆಗೆ ಏರ್ ಇಂಡಿಯಾ 2014ರಿಂದ ಸ್ಟಾರ್ ಅಲೈಯನ್ಸ್ ಎಂಬ ಏರ್‌ಲೈನ್ ಒಕ್ಕೂಟದಲ್ಲಿದೆ. ಅದರ ಪಾಯಿಂಟ್ಸ್ ಆ ಗುಂಪಿನ ಬೇರೆ ವಿಮಾನಗಳಲ್ಲೂ ನಡೆಯುತ್ತದೆ.

ಪ್ರಶ್ನೆ: ನಿವೃತ್ತಿ ಆದಮೇಲೆ ಒಂದೇ ಸಲ ದೊಡ್ಡ ಪ್ರವಾಸ ಮಾಡೋಣ ಅಂತ ಮೈಲ್ಸ್ ಕೂಡಿಡುತ್ತಿದ್ದೇನೆ. ಇನ್ನೂ 6 ವರ್ಷ ಇದೆ. ಸರಿಯೇ?
— ಓದುಗರು, ದಾವಣಗೆರೆ

ಉತ್ತರ: ದುಡ್ಡು ಕೂಡಿಡಿ, ಮೈಲ್ಸ್ ಬೇಡ. ಬ್ಯಾಂಕಿನ ದುಡ್ಡಿಗೆ ಬಡ್ಡಿ ಬರುತ್ತದೆ. ಮೈಲ್ಸ್‌ಗೆ ಬಡ್ಡಿ ಇಲ್ಲ, ಮೇಲಾಗಿ ಒಂದು ಟಿಕೆಟ್‌ಗೆ ಎಷ್ಟು ಮೈಲ್ಸ್ ಬೇಕು ಅನ್ನುವುದನ್ನು ಕಂಪನಿ ಯಾವಾಗ ಬೇಕಾದರೂ ಏರಿಸಬಹುದು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಂತಾಗ, ಅದರಲ್ಲೇ ಹೋಗೋಣ ಅಂತ ಕೂಡಿಟ್ಟವರ ಖಾತೆಯಲ್ಲಿ ಮೈಲ್ಸ್ ಇತ್ತು, ಹತ್ತಲು ವಿಮಾನ ಇರಲಿಲ್ಲ. ಈಗ ಇರುವ ಮೈಲ್ಸ್‌ನಲ್ಲಿ ಇಬ್ಬರಿಗೆ ಎಲ್ಲಿಗೆ ಹೋಗಲು ಸಾಧ್ಯ ಅಂತ ಈ ವಾರವೇ ನೋಡಿ. ಯುರೋಪ್ ಆಗದಿದ್ದರೆ ವಿಯೆಟ್ನಾಮ್ ಆಗಬಹುದು. ಮೊಣಕಾಲು ಗಟ್ಟಿಯಿರುವಾಗಲೇ ಹೋಗಿ ಬನ್ನಿ.